ಗಣಕಯಂತ್ರ ಪೆಟ್ಟಿಗೆಯ ಗಾಳಿ ಸಂಚಾರ ಮತ್ತು ಧೂಳು ತಡೆ

ಗಣಕಯಂತ್ರ ಪೆಟ್ಟಿಗೆಯ ಗಾಳಿ ಸಂಚಾರ ಎಂದರೆ, ಮೇಜಿನ ಗಣಕಯಂತ್ರದ ಬಿಡಿಭಾಗಗಳನ್ನು ಒಳಗೊಂಡ ಪೆಟ್ಟಿಗೆಗೆ ಕೋಣೆಯ ಗಾಳಿಯನ್ನು ತಂದು, ಆ ಭಾಗಗಳು ಹೊರಸೂಸುವ ಶಾಖವನ್ನು ಗಾಳಿಯೊಡನೆ ಹೊರಕ್ಕೆ ಸಾಗಿಸುವ ವ್ಯವಸ್ಥೆ. ಈ ಪೆಟ್ಟಿಗೆಯನ್ನು ಮಾರಾಟಗಾರರೂ ದುರಸ್ತಿಗಾರರೂ ‘ಕ್ಯಾಬಿನೆಟ್’ ಎಂದು ಕರೆಯುತ್ತಾರೆ. ಆಡುಮಾತಿನಲ್ಲಿ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುವ ರೂಢಿಯಿದೆ. ವಾಸ್ತವದಲ್ಲಿ ಸಿಪಿಯು ಎಂಬುದು ಪೆಟ್ಟಿಗೆಯೊಳಗಿನ ಪ್ರೊಸೆಸರ್ ಎಂಬ ಒಂದು ಭಾಗದ ಹೆಸರು ಮಾತ್ರ.

ಒಳಬರುವ ಗಾಳಿಯ ಜೊತೆಗೆ ಧೂಳೂ ಬರುತ್ತದೆ. ಗಾಳಿಯ ದಾರಿಯನ್ನು ಅಗಲವಾಗಿ ತೆರೆದರೆ ಧೂಳು ಹೆಚ್ಚುತ್ತದೆ. ಧೂಳನ್ನು ತಡೆಯಲು ಶೋಧಕ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ. ಈ ಎರಡರ ನಡುವೆ ಹದ ಕಾಯ್ದುಕೊಳ್ಳುವುದೇ ಪೆಟ್ಟಿಗೆಯ ವಿನ್ಯಾಸದ ಮುಖ್ಯ ಸಮಸ್ಯೆ. ಹದ ತಪ್ಪಿದರೆ ಯಂತ್ರ ನಿಧಾನವಾಗುತ್ತದೆ, ಕೆಲಸದ ನಡುವೆ ತಾನಾಗಿಯೇ ಆರಿಹೋಗುತ್ತದೆ, ಉಳಿಸದ ಕಡತಗಳು ನಷ್ಟವಾಗುತ್ತವೆ ಮತ್ತು ಬಿಡಿಭಾಗಗಳ ಆಯುಷ್ಯ ಕುಗ್ಗುತ್ತದೆ.

ಶಾಖದ ಮೂಲ ಮತ್ತು ಪ್ರಮಾಣ

ಗಣಕಯಂತ್ರವು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಪರಿವರ್ತನೆಯಾಗುತ್ತದೆ. ಆದ್ದರಿಂದ 300 ವ್ಯಾಟ್ ವಿದ್ಯುತ್ ಬಳಸುವ ಯಂತ್ರವು ಕೋಣೆಯ ಮಟ್ಟಿಗೆ 300 ವ್ಯಾಟಿನ ಒಂದು ಹೀಟರ್ ಇದ್ದಂತೆ. ಪೆಟ್ಟಿಗೆಯೊಳಗಿನ ಮುಖ್ಯ ಶಾಖಮೂಲಗಳೆಂದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡಿನ ವಿದ್ಯುತ್ ನಿಯಂತ್ರಕ ಭಾಗಗಳು ಮತ್ತು ಎಸ್‌ಎಂಪಿಎಸ್ ಎಂದು ಕರೆಯಲಾಗುವ ವಿದ್ಯುತ್ ಪೂರೈಕೆ ಘಟಕ. ಸಂಗ್ರಹ ಸಾಧನಗಳಾದ ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿಗಳಿಂದ ಬರುವ ಶಾಖ ಕಡಿಮೆ. ಆದರೆ ಗಾಳಿ ತಲುಪದ ಮೂಲೆಯಲ್ಲಿದ್ದರೆ ಅವೂ ಬಿಸಿಯಾಗುತ್ತವೆ.

ಶಾಖವನ್ನು ಹೊರಹಾಕಲು ಬೇಕಾಗುವ ಗಾಳಿಯ ಪ್ರಮಾಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಲೀಟರ್ ಗಾಳಿಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಸುಮಾರು 1.2 ಜೂಲ್ ಶಕ್ತಿ ಬೇಕು. 300 ವ್ಯಾಟ್ ಎಂದರೆ ಸೆಕೆಂಡಿಗೆ 300 ಜೂಲ್. ಹೊರಹೋಗುವ ಗಾಳಿಯು ಒಳಬರುವ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ ಸೆಕೆಂಡಿಗೆ ಸುಮಾರು 25 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 53 ಘನ ಅಡಿ ಗಾಳಿ ಹರಿಯಬೇಕು. ಫ್ಯಾನುಗಳ ಪೆಟ್ಟಿಗೆಯ ಮೇಲೆ ‘ಸಿಎಫ್‌ಎಂ’ ಎಂದು ನಮೂದಿಸಿರುವುದು ಈ ಘನ ಅಡಿಯ ಅಳತೆಯೇ.

ಇದೇ ಲೆಕ್ಕದಿಂದ ಇನ್ನೊಂದು ಅಂಶವೂ ಸ್ಪಷ್ಟವಾಗುತ್ತದೆ. ಗಾಳಿಯನ್ನು 25ರಿಂದ 50 ಲೀಟರಿಗೆ ಹೆಚ್ಚಿಸಿದರೆ ಏರಿಕೆಯು 10 ಡಿಗ್ರಿಯಿಂದ 5 ಡಿಗ್ರಿಗೆ ಇಳಿಯುತ್ತದೆ. ಮತ್ತೊಮ್ಮೆ ದುಪ್ಪಟ್ಟು ಮಾಡಿ 100 ಲೀಟರಿಗೆ ಏರಿಸಿದರೆ ಸಿಗುವ ಲಾಭ ಕೇವಲ ಎರಡೂವರೆ ಡಿಗ್ರಿ. ಒಂದು ಹಂತದ ನಂತರ ಫ್ಯಾನುಗಳನ್ನು ಸೇರಿಸುತ್ತ ಹೋದರೆ ಸದ್ದು ಮತ್ತು ಧೂಳು ಹೆಚ್ಚುತ್ತವೆಯೇ ಹೊರತು ತಂಪು ಅಷ್ಟಾಗಿ ಹೆಚ್ಚುವುದಿಲ್ಲ.

ಗಾಳಿಯಿಂದ ತಂಪಾಗುವ ಯಾವ ಭಾಗವೂ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಯಲಾರದು. ಕೋಣೆಯಲ್ಲಿ 25 ಡಿಗ್ರಿ ಇರುವಾಗ 70 ಡಿಗ್ರಿ ತಲುಪುವ ಪ್ರೊಸೆಸರ್, ಕೋಣೆಯಲ್ಲಿ 40 ಡಿಗ್ರಿ ಇರುವಾಗ ಅದೇ ಕೆಲಸಕ್ಕೆ ಸರಿಸುಮಾರು 85 ಡಿಗ್ರಿ ತಲುಪುತ್ತದೆ.

ಇತಿಹಾಸ

ಎಲೆಕ್ಟ್ರಾನಿಕ್ ಗಣಕಯಂತ್ರಗಳ ಆರಂಭದಿಂದಲೂ ಶಾಖವು ಸಮಸ್ಯೆಯಾಗಿಯೇ ಉಳಿದಿದೆ. 1946ರಲ್ಲಿ ಅಮೆರಿಕದಲ್ಲಿ ಸಾರ್ವಜನಿಕವಾಗಿ ಪ್ರದರ್ಶಿತವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ ಬಳಸುತ್ತಿತ್ತು. ಅದನ್ನು ತಂಪಾಗಿಡಲು ದೊಡ್ಡ ಬ್ಲೋವರ್‌ಗಳು ಬೇಕಾಗಿದ್ದವು.

1981ರಲ್ಲಿ ಬಂದ ಐಬಿಎಂ ಪಿಸಿಯ ವಿದ್ಯುತ್ ಪೂರೈಕೆ ಘಟಕದ ಸಾಮರ್ಥ್ಯ 63.5 ವ್ಯಾಟ್ ಮಾತ್ರ. ಅದರ ಇಂಟೆಲ್ 8088 ಪ್ರೊಸೆಸರಿಗೆ ಶಾಖ ಹರಡುವ ಲೋಹದ ಹೀಟ್ ಸಿಂಕ್ ಕೂಡ ಇರಲಿಲ್ಲ. ವಿದ್ಯುತ್ ಘಟಕದೊಳಗಿನ ಫ್ಯಾನೇ ಇಡೀ ಪೆಟ್ಟಿಗೆಯ ಗಾಳಿಯನ್ನು ಹೊರದೂಡುತ್ತಿತ್ತು. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಫ್ಯಾನೇ ಇರಲಿಲ್ಲ. ಬಿಸಿಗಾಳಿ ತಾನಾಗಿ ಮೇಲೇರಿ ಸೀಳುಗಂಡಿಗಳ ಮೂಲಕ ಹೊರಹೋಗುವ ಸಹಜ ಸಂಚಾರವನ್ನೇ ಅದು ನೆಚ್ಚಿಕೊಂಡಿತ್ತು. 1993ರಲ್ಲಿ ಪೆಂಟಿಯಮ್ ಪ್ರೊಸೆಸರ್ ಬಂದ ನಂತರ ಪ್ರೊಸೆಸರಿನ ತಲೆಯ ಮೇಲೆ ಹೀಟ್ ಸಿಂಕ್ ಮತ್ತು ಫ್ಯಾನ್ ಇರುವುದು ಸಾಮಾನ್ಯವಾಯಿತು.

1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನದಂಡವು ಮದರ್‌ಬೋರ್ಡ್, ಪೆಟ್ಟಿಗೆ ಮತ್ತು ವಿದ್ಯುತ್ ಘಟಕದ ಅಳತೆಗಳನ್ನು ಏಕರೂಪಗೊಳಿಸಿತು. ಅದರ ಮೊದಲ ಆವೃತ್ತಿಯಲ್ಲಿ ವಿದ್ಯುತ್ ಘಟಕದ ಫ್ಯಾನು ಹೊರಗಿನ ಗಾಳಿಯನ್ನು ಒಳಕ್ಕೆ ಊದಿ ಪ್ರೊಸೆಸರಿನ ಮೇಲೆ ಹಾಯಿಸುವ ಕಲ್ಪನೆಯಿತ್ತು. ವಿದ್ಯುತ್ ಘಟಕದಲ್ಲಿ ಬಿಸಿಯಾದ ಗಾಳಿಯೇ ಪ್ರೊಸೆಸರಿಗೆ ತಗಲುವುದರಿಂದ ಈ ಕ್ರಮ ಉಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಫ್ಯಾನು ಗಾಳಿಯನ್ನು ಹೊರಹಾಕುವ ದಿಕ್ಕಿಗೆ ತಿರುಗಿತು. 2004ರಲ್ಲಿ ಇಂಟೆಲ್ ಗಾಳಿಯ ನೇರ ಹರಿವನ್ನೇ ಪ್ರಧಾನವಾಗಿಟ್ಟುಕೊಂಡು ಬಿಟಿಎಕ್ಸ್ ಎಂಬ ಹೊಸ ವಿನ್ಯಾಸವನ್ನು ಹೊರತಂದಿತು. ಆದರೆ ಆ ಬಳಿಕದ ಪ್ರೊಸೆಸರುಗಳು ಕಡಿಮೆ ವಿದ್ಯುತ್ ಬಳಸತೊಡಗಿದವು. ವ್ಯಾಪಕ ಬಳಕೆಗೆ ಬಾರದ ಬಿಟಿಎಕ್ಸ್ ಅನ್ನು ಕೈಬಿಡುವುದಾಗಿ ಇಂಟೆಲ್ 2006ರಲ್ಲಿ ತಿಳಿಸಿತು. ಎಟಿಎಕ್ಸ್ ಇಂದಿಗೂ ಬಳಕೆಯಲ್ಲಿದೆ.

ಮುಂದೆ ಪ್ರೊಸೆಸರಿಗಿಂತ ಗ್ರಾಫಿಕ್ಸ್ ಕಾರ್ಡು ದೊಡ್ಡ ಶಾಖಮೂಲವಾಗಿ ಬೆಳೆಯಿತು. 2022ರಲ್ಲಿ ಬಂದ ಎನ್‌ವಿಡಿಯಾ ಜಿಫೋರ್ಸ್ ಆರ್‌ಟಿಎಕ್ಸ್ 4090 ಕಾರ್ಡಿನ ನಿಗದಿತ ವಿದ್ಯುತ್ ಬಳಕೆ 450 ವ್ಯಾಟ್. ಅಂದರೆ ಈ ಒಂದೇ ಕಾರ್ಡು ಮೊದಲ ಐಬಿಎಂ ಪಿಸಿಯ ಏಳು ವಿದ್ಯುತ್ ಘಟಕಗಳಷ್ಟು ವಿದ್ಯುತ್ತನ್ನು ಬಳಸಬಲ್ಲದು.

ಗಾಳಿಯ ದಾರಿ

ಇಂದಿನ ಸಾಮಾನ್ಯ ನಿಲುವು ಪೆಟ್ಟಿಗೆಯಲ್ಲಿ ಗಾಳಿಯು ಮುಂಭಾಗದಿಂದ ಅಥವಾ ಕೆಳಗಿನಿಂದ ಒಳಬಂದು, ಹಿಂಭಾಗದಿಂದ ಅಥವಾ ಮೇಲಿನಿಂದ ಹೊರಹೋಗುತ್ತದೆ. ಹಳೆಯ ಮನೆಗಳಲ್ಲಿ ಕಿಟಕಿಯಿಂದ ಬಂದ ಗಾಳಿ ಮಾಡಿನ ಬೆಳಕಿಂಡಿಯಿಂದ ಹೊರಹೋಗುವ ಏರ್ಪಾಡಿಗೆ ಇದನ್ನು ಹೋಲಿಸಬಹುದು. ಎರಡರಲ್ಲೂ ಬರುವ ದಾರಿ ಮತ್ತು ಹೋಗುವ ದಾರಿ ಬೇರೆಬೇರೆಯಾಗಿರಬೇಕು ಮತ್ತು ನಡುವೆ ಅಡ್ಡಿಯಿರಬಾರದು.

ಬಿಸಿಗಾಳಿ ಮೇಲೇರುತ್ತದೆ ಎಂಬುದು ನಿಜವಾದರೂ ಪೆಟ್ಟಿಗೆಯಷ್ಟು ಚಿಕ್ಕ ಎತ್ತರದಲ್ಲಿ ಆ ಬಲ ಬಹಳ ಕಡಿಮೆ. ಮಂದಗತಿಯಲ್ಲಿ ತಿರುಗುವ ಫ್ಯಾನು ಕೂಡ ಅದನ್ನು ಸುಲಭವಾಗಿ ಮೀರುತ್ತದೆ. ಆದ್ದರಿಂದ ಹರಿವಿನ ದಿಕ್ಕನ್ನು ನಿರ್ಧರಿಸುವುದು ಫ್ಯಾನುಗಳ ಜೋಡಣೆಯೇ.

ಗಾಳಿಯು ಯಾವಾಗಲೂ ಸುಲಭದ ದಾರಿಯನ್ನು ಹಿಡಿಯುತ್ತದೆ. ಒಳತರುವ ಫ್ಯಾನಿನ ಪಕ್ಕದಲ್ಲಿಯೇ ಹೊರಹಾಕುವ ಫ್ಯಾನು ಇದ್ದರೆ ತಂಪುಗಾಳಿಯು ಬಿಸಿಭಾಗಗಳನ್ನು ಮುಟ್ಟದೆಯೇ ಹೊರಹೋಗುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟಾಗ ಅಥವಾ ಕಂಪ್ಯೂಟರ್ ಮೇಜಿನ ಮುಚ್ಚಿದ ಗೂಡಿನಲ್ಲಿ ಇಟ್ಟಾಗ ಹೊರಬಂದ ಬಿಸಿಗಾಳಿಯೇ ಮತ್ತೆ ಒಳಸೇರುತ್ತದೆ. ಆಗ ಒಳಗಿನ ಏರ್ಪಾಡು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಾಗದು. ವಿದ್ಯುತ್ ಘಟಕವು ತಳದಲ್ಲಿದ್ದು ಅಡಿಯಿಂದ ಗಾಳಿ ಎಳೆಯುವ ಪೆಟ್ಟಿಗೆಗಳನ್ನು ಜಮಖಾನೆ ಅಥವಾ ಹಾಸುಗಂಬಳಿಯ ಮೇಲೆ ಇಟ್ಟರೆ ಆ ದಾರಿ ಮುಚ್ಚಿಹೋಗುತ್ತದೆ.

ಪೆಟ್ಟಿಗೆಯ ಮುಂಭಾಗವು ಗಾಜು ಅಥವಾ ಪ್ಲಾಸ್ಟಿಕ್ಕಿನಿಂದ ಪೂರ್ತಿ ಮುಚ್ಚಿದ್ದರೆ ಗಾಳಿಯು ಅಂಚಿನ ಸಣ್ಣ ಸೀಳುಗಳಿಂದ ಬರಬೇಕಾಗುತ್ತದೆ. ಜಾಲರಿಯ ಮುಂಭಾಗವುಳ್ಳ ಪೆಟ್ಟಿಗೆಗಳಲ್ಲಿ ಈ ತಡೆ ಕಡಿಮೆ. ಕೇಬಲ್ಲುಗಳನ್ನು ಮದರ್‌ಬೋರ್ಡಿನ ಹಿಂದಿನಿಂದ ಹಾಯಿಸುವುದರಿಂದ ಗಾಳಿಯ ದಾರಿ ಸ್ವಲ್ಪಮಟ್ಟಿಗೆ ತೆರವಾಗುತ್ತದೆ ಮತ್ತು ಧೂಳು ಸಿಕ್ಕಿಕೊಳ್ಳುವ ಸಂದುಗಳೂ ಕಡಿಮೆಯಾಗುತ್ತವೆ.

ಫ್ಯಾನುಗಳು

ಪೆಟ್ಟಿಗೆಯ ಫ್ಯಾನುಗಳ ಸಾಮಾನ್ಯ ಅಳತೆಗಳು 80, 92, 120 ಮತ್ತು 140 ಮಿಲಿಮೀಟರ್. ಹೆಚ್ಚಿನವು 12 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುತ್ತವೆ. ದೊಡ್ಡ ಫ್ಯಾನು ಅಷ್ಟೇ ಗಾಳಿಯನ್ನು ಕಡಿಮೆ ವೇಗದಲ್ಲಿ ಸಾಗಿಸಬಲ್ಲದಾದ್ದರಿಂದ ಅದರ ಸದ್ದು ಕಡಿಮೆ.

ಫ್ಯಾನಿನ ವೇಗಕ್ಕೂ ಅದರ ಕೆಲಸಕ್ಕೂ ಇರುವ ಸಂಬಂಧವನ್ನು ಮೂರು ನಿಯಮಗಳು ಹೇಳುತ್ತವೆ. ಗಾಳಿಯ ಪ್ರಮಾಣವು ವೇಗಕ್ಕೆ ಅನುಗುಣವಾಗಿರುತ್ತದೆ. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಒತ್ತಡ ಕಾಲು ಭಾಗವಾಗುತ್ತದೆ, ಶಕ್ತಿ ಎಂಟನೆಯ ಒಂದು ಭಾಗವಾಗುತ್ತದೆ. ಶೋಧಕ ಅಥವಾ ಒತ್ತಾದ ಹೀಟ್ ಸಿಂಕ್ ಎದುರಿಗಿದ್ದಾಗ ಮಂದಗತಿಯ ಫ್ಯಾನು ಸೋಲುವುದು ಈ ಕಾರಣದಿಂದ.

ತಯಾರಕರು ನಮೂದಿಸುವ ಗಾಳಿಯ ಪ್ರಮಾಣವು ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗಿನ ಗರಿಷ್ಠ ಮೌಲ್ಯ. ಪೆಟ್ಟಿಗೆಯಲ್ಲಿ ಅಳವಡಿಸಿದಾಗ ದೊರೆಯುವುದು ಅದಕ್ಕಿಂತ ಕಡಿಮೆ. ಆದ್ದರಿಂದ ಶೋಧಕದ ಹಿಂದೆ ಅಥವಾ ದ್ರವ ತಂಪುಕಾರಕದ ರೇಡಿಯೇಟರಿನ ಮೇಲೆ ಇಡುವ ಫ್ಯಾನನ್ನು ಆರಿಸುವಾಗ ಅದರ ಸ್ಥಿರ ಒತ್ತಡದ ಮೌಲ್ಯವನ್ನೂ ನೋಡಬೇಕಾಗುತ್ತದೆ.

ಫ್ಯಾನಿನ ಚೌಕಟ್ಟಿನ ಮೇಲೆ ಹಲವು ವೇಳೆ ಎರಡು ಬಾಣದ ಗುರುತುಗಳಿರುತ್ತವೆ: ಒಂದು ರೆಕ್ಕೆ ತಿರುಗುವ ದಿಕ್ಕು, ಇನ್ನೊಂದು ಗಾಳಿ ಹರಿಯುವ ದಿಕ್ಕು. ಗುರುತು ಇಲ್ಲದಿದ್ದರೆ, ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ನಡೆಯುತ್ತಿರುವ ಫ್ಯಾನಿನ ಮುಂದೆ ತೆಳುಕಾಗದದ ಪಟ್ಟಿಯನ್ನು ಹಿಡಿದರೂ ದಿಕ್ಕು ಗೊತ್ತಾಗುತ್ತದೆ. ನಾಲ್ಕು ಪಿನ್ನಿನ ಫ್ಯಾನುಗಳ ವೇಗವನ್ನು ಮದರ್‌ಬೋರ್ಡು ಉಷ್ಣಾಂಶಕ್ಕೆ ತಕ್ಕಂತೆ ಏರಿಳಿಸಬಲ್ಲದು.

ಒಳಗಿನ ಒತ್ತಡ

ಒಳಬರುವ ಮತ್ತು ಹೊರಹೋಗುವ ಗಾಳಿಯನ್ನು ತಳ್ಳುವ ಫ್ಯಾನುಗಳ ಬಲಾಬಲದಿಂದ ಪೆಟ್ಟಿಗೆಯೊಳಗಿನ ಒತ್ತಡ ನಿರ್ಧಾರವಾಗುತ್ತದೆ.

ಧನಾತ್ಮಕ ಒತ್ತಡ: ಒಳತರುವ ಫ್ಯಾನುಗಳ ಸಾಮರ್ಥ್ಯ ಹೆಚ್ಚಿದ್ದಾಗ ಪೆಟ್ಟಿಗೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ತುಸು ಹೆಚ್ಚಿರುತ್ತದೆ. ಹೆಚ್ಚುವರಿ ಗಾಳಿಯು ಸಂದುಗೊಂದುಗಳಿಂದ ಹೊರಕ್ಕೆ ಸೋರುತ್ತದೆ. ಗಾಳಿ ಒಳಬರುವುದು ಫ್ಯಾನುಗಳಿರುವ ಜಾಗಗಳಿಂದ ಮಾತ್ರವಾದ್ದರಿಂದ ಅಲ್ಲಿ ಶೋಧಕ ಹಾಕಿದರೆ ಬಹುಪಾಲು ಧೂಳನ್ನು ತಡೆಯಬಹುದು.

ಋಣಾತ್ಮಕ ಒತ್ತಡ: ಹೊರಹಾಕುವ ಫ್ಯಾನುಗಳ ಸಾಮರ್ಥ್ಯ ಹೆಚ್ಚಿದ್ದಾಗ ಒಳಗಿನ ಒತ್ತಡ ತುಸು ಕಡಿಮೆಯಾಗಿ, ಗಾಳಿಯು ಸಿಕ್ಕ ಸಿಕ್ಕ ಬಿರುಕು, ಯುಎಸ್‌ಬಿ ಕಿಂಡಿ, ಖಾಲಿ ಸ್ಲಾಟುಗಳ ಮೂಲಕ ಒಳನುಗ್ಗುತ್ತದೆ. ಆ ಕಿಂಡಿಗಳಿಗೆ ಶೋಧಕ ಇರುವುದಿಲ್ಲ. ಬಿಸಿಗಾಳಿ ಬೇಗ ಹೊರಹೋಗುವ ಅನುಕೂಲವಿದ್ದರೂ ಧೂಳಿನ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡಲ್ಲ.

ಎರಡೂ ಸ್ಥಿತಿಗಳಲ್ಲಿ ಒತ್ತಡದ ವ್ಯತ್ಯಾಸ ಬಹಳ ಸಣ್ಣದು. ಪೆಟ್ಟಿಗೆಯ ಫ್ಯಾನುಗಳು ಉಂಟುಮಾಡಬಲ್ಲ ಒತ್ತಡವು ಕೆಲವೇ ಮಿಲಿಮೀಟರ್ ನೀರಿನ ಮಟ್ಟದಷ್ಟು. ಆದರೂ ಧೂಳಿನ ಕಣ ಯಾವ ದಿಕ್ಕಿಗೆ ಸಾಗಬೇಕೆಂಬುದನ್ನು ನಿರ್ಧರಿಸಲು ಅಷ್ಟೇ ಸಾಕು. ಧೂಳು ಹೆಚ್ಚಿರುವ ಕಡೆ ಶೋಧಕಸಹಿತವಾದ ಅಲ್ಪ ಧನಾತ್ಮಕ ಒತ್ತಡವೇ ಸೂಕ್ತವೆಂದು ಪರಿಗಣಿಸಲಾಗುತ್ತದೆ.

ಫ್ಯಾನುಗಳ ಸಂಖ್ಯೆಯನ್ನಷ್ಟೇ ಎಣಿಸಿ ಒತ್ತಡವನ್ನು ಊಹಿಸಲಾಗದು. ಮುಂದೆ ಎರಡು ಮತ್ತು ಹಿಂದೆ ಒಂದು ಫ್ಯಾನು ಇದ್ದರೂ ಮುಂದಿನ ಶೋಧಕವು ಧೂಳಿನಿಂದ ಕಟ್ಟಿಕೊಂಡರೆ ಒಳಬರುವ ಗಾಳಿ ಕುಗ್ಗಿ, ಪೆಟ್ಟಿಗೆಯು ಋಣಾತ್ಮಕ ಒತ್ತಡಕ್ಕೆ ಜಾರಬಹುದು. ಆಗ ಶೋಧಕವಿಲ್ಲದ ಸಂದುಗಳಿಂದ ಧೂಳು ಬರತೊಡಗುತ್ತದೆ. ತೊಳೆಯದ ಶೋಧಕವು ತಾನು ತಡೆಯಬೇಕಾದುದಕ್ಕೆ ಹೀಗೆ ಬೇರೊಂದು ಬಾಗಿಲನ್ನು ತೆರೆದುಕೊಡುತ್ತದೆ.

ಧೂಳಿನ ಸ್ವರೂಪ ಮತ್ತು ಹಾನಿ

ಮನೆಯ ಧೂಳಿನಲ್ಲಿ ಬಟ್ಟೆಯ ನೂಲೆಳೆ, ಚರ್ಮದ ಹೊಟ್ಟು, ಕೂದಲು, ಮಣ್ಣಿನ ಕಣ, ಪರಾಗ, ಹೊಗೆಯ ಮಸಿ ಎಲ್ಲವೂ ಸೇರಿರುತ್ತವೆ. ಇವುಗಳಲ್ಲಿ ನೂಲೆಳೆಗಳು ಮೊದಲು ಹೀಟ್ ಸಿಂಕಿನ ತೆಳುವಾದ ಲೋಹದ ಹಾಳೆಗಳ ಬಾಯಿಗೆ ಅಡ್ಡಲಾಗಿ ಸಿಕ್ಕಿಕೊಳ್ಳುತ್ತವೆ. ಅನಂತರ ಸಣ್ಣ ಕಣಗಳು ಅವುಗಳ ಮೇಲೆ ಕೂರುತ್ತ ಕಂಬಳಿಯಂತಹ ಪದರವೊಂದು ಬೆಳೆಯುತ್ತದೆ. ಈ ಪದರ ಫ್ಯಾನು ಮತ್ತು ಹೀಟ್ ಸಿಂಕಿನ ನಡುವೆ ಅಡಗಿರುವುದರಿಂದ ಹೊರಗಿನಿಂದ ನೋಡಿದವರಿಗೆ ಯಂತ್ರ ಶುಚಿಯಾಗಿಯೇ ಕಾಣಬಹುದು.

ಧೂಳಿನಿಂದ ಆಗುವ ಹಾನಿಗಳು ಹಲವು ಬಗೆಯವು.

ಶಾಖದ ತಡೆ: ಲೋಹದ ಹಾಳೆಗಳ ನಡುವೆ ಗಾಳಿ ಹರಿಯದಿದ್ದರೆ ಶಾಖ ಹೊರಹೋಗದು. 2000ರಲ್ಲಿ ಬಂದ ಪೆಂಟಿಯಮ್ 4ರಿಂದೀಚೆಗೆ ಪ್ರೊಸೆಸರುಗಳು ಅತಿಯಾಗಿ ಬಿಸಿಯಾದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿದೆ. ಇದರಿಂದ ಯಂತ್ರ ಉಳಿಯುತ್ತದೆ, ಆದರೆ ನಿಧಾನವಾಗುತ್ತದೆ. ಹಳೆಯದಾಯಿತೆಂದು ಬದಲಾಯಿಸಲಾಗುವ ಯಂತ್ರಗಳಲ್ಲಿ ಕೆಲವು ನಿಜಕ್ಕೂ ಧೂಳು ತುಂಬಿ ನಿಧಾನವಾದಂಥವು.

ಬಿಡಿಭಾಗಗಳ ಆಯುಷ್ಯ: ವಿದ್ಯುತ್ ಘಟಕ ಮತ್ತು ಮದರ್‌ಬೋರ್ಡಿನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವವು ಶಾಖದಿಂದ ಆರುತ್ತ ಹೋಗುತ್ತದೆ. ಉಷ್ಣಾಂಶವು 10 ಡಿಗ್ರಿ ಹೆಚ್ಚಿದಂತೆಲ್ಲ ಅವುಗಳ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ.

ಫ್ಯಾನಿನ ಸವೆತ: ರೆಕ್ಕೆಗಳ ಅಂಚಿನಲ್ಲಿ ಧೂಳು ಅಸಮವಾಗಿ ಕಟ್ಟಿದರೆ ಫ್ಯಾನು ತೂಕ ತಪ್ಪಿ ಅದುರುತ್ತದೆ. ಬೇರಿಂಗಿನೊಳಗೆ ಸೇರಿದ ಧೂಳು ಅದರ ಎಣ್ಣೆಯನ್ನು ಹೀರಿ ಗಟ್ಟಿಯಾಗಿಸುತ್ತದೆ. ಗರಗರ ಸದ್ದು ಇದರ ಮೊದಲ ಸೂಚನೆ.

ತೇವ ಮತ್ತು ತುಕ್ಕು: ಒಣಧೂಳು ಸಾಮಾನ್ಯವಾಗಿ ವಿದ್ಯುತ್ತನ್ನು ಹಾಯಿಸುವುದಿಲ್ಲ. ಆದರೆ ಅದರಲ್ಲಿರುವ ಲವಣಾಂಶಗಳು ತೇವವನ್ನು ಹೀರಿಕೊಂಡಾಗ ಸರ್ಕ್ಯೂಟಿನ ಪಕ್ಕಪಕ್ಕದ ಗೆರೆಗಳ ನಡುವೆ ವಿದ್ಯುತ್ ಸೋರಿಕೆ ಉಂಟಾಗಬಹುದು. ಲೋಹದ ತುದಿಗಳು ತುಕ್ಕು ಹಿಡಿಯಬಹುದು. ಮೆಮೊರಿ ಮತ್ತು ಕಾರ್ಡುಗಳ ಸ್ಲಾಟಿನಲ್ಲಿ ಸೇರಿದ ಧೂಳು ಸಂಪರ್ಕವನ್ನು ಕೆಡಿಸುತ್ತದೆ.

ಶೋಧಕಗಳು

ಗಾಳಿ ಒಳಬರುವ ಕಿಂಡಿಗಳಿಗೆ ನೈಲಾನ್ ಜಾಲರಿ, ಸೂಕ್ಷ್ಮ ರಂಧ್ರಗಳ ಲೋಹದ ಹಾಳೆ ಅಥವಾ ಸ್ಪಂಜಿನಂತಹ ಫೋಮ್ ಶೋಧಕಗಳನ್ನು ಬಳಸಲಾಗುತ್ತದೆ. ನೈಲಾನ್ ಜಾಲರಿ ನೂಲೆಳೆ ಮತ್ತು ಕೂದಲನ್ನು ಚೆನ್ನಾಗಿ ತಡೆಯುತ್ತದೆ. ಅತಿ ಸಣ್ಣ ಕಣಗಳು ಅದರ ಮೂಲಕ ಹಾದುಹೋಗುತ್ತವೆ. ಫೋಮ್ ಹೆಚ್ಚು ಧೂಳನ್ನು ಹಿಡಿಯುತ್ತದೆ, ಆದರೆ ಗಾಳಿಯನ್ನೂ ಹೆಚ್ಚು ತಡೆಯುತ್ತದೆ ಮತ್ತು ಕೆಲವು ವರ್ಷಗಳಲ್ಲಿ ಉದುರತೊಡಗುತ್ತದೆ. ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಬಳಸುವ ಹೆಪಾ ಶೋಧಕಗಳ ತಡೆಯನ್ನು ಪೆಟ್ಟಿಗೆಯ ಸಾಮಾನ್ಯ ಫ್ಯಾನುಗಳು ಮೀರಲಾರವು.

ಪೆಟ್ಟಿಗೆಯ ಶೋಧಕದ ಉದ್ದೇಶವು ಧೂಳನ್ನು ಪೂರ್ತಿಯಾಗಿ ಇಲ್ಲವಾಗಿಸುವುದಲ್ಲ. ಧೂಳು ಕೈಗೆಟಕದ ಹೀಟ್ ಸಿಂಕಿನಲ್ಲಿ ಕೂರುವ ಬದಲು ಸುಲಭವಾಗಿ ತೆಗೆದು ತೊಳೆಯಬಹುದಾದ ಜಾಲರಿಯ ಮೇಲೆ ಕೂರುವಂತೆ ಮಾಡುವುದು. ಶೋಧಕದ ವಿಸ್ತೀರ್ಣ ಹೆಚ್ಚಿದಷ್ಟೂ ಅದರ ಮೂಲಕ ಹಾಯುವ ಗಾಳಿಯ ವೇಗ ತಗ್ಗಿ, ತಡೆ ಕಡಿಮೆಯಾಗುತ್ತದೆ. ಆದ್ದರಿಂದ ಫ್ಯಾನಿನಷ್ಟೇ ಅಗಲದ ಸಣ್ಣ ಶೋಧಕಕ್ಕಿಂತ ಮುಂಭಾಗವನ್ನೆಲ್ಲ ಆವರಿಸುವ ದೊಡ್ಡ ಶೋಧಕ ಉತ್ತಮ. ಗಾಳಿ ಹೊರಹೋಗುವ ಕಡೆ ಶೋಧಕದ ಅಗತ್ಯವಿಲ್ಲ. ಅಲ್ಲಿ ಹಾಕಿದ ಜಾಲರಿಯು ಹರಿವನ್ನು ವೃಥಾ ತಡೆಯುತ್ತದೆ.

ಪೆಟ್ಟಿಗೆಯ ಹಿಂಬದಿಯ ಬಳಸದ ಸ್ಲಾಟುಗಳಿಗೆ ಲೋಹದ ಪಟ್ಟಿಗಳನ್ನು ತಪ್ಪದೆ ಮುಚ್ಚಬೇಕು. ಅವು ಕಳೆದುಹೋದ ಪೆಟ್ಟಿಗೆಗಳಲ್ಲಿ ಧೂಳಿನ ಜೊತೆಗೆ ಇರುವೆ, ಜಿರಳೆ, ಹಲ್ಲಿಗಳೂ ಒಳಸೇರುತ್ತವೆ. ವಿದ್ಯುತ್ ಹಾಯುವ ತುದಿಗಳ ನಡುವೆ ಸಿಕ್ಕಿದ ಹಲ್ಲಿ ಅಥವಾ ಜಿರಳೆಯಿಂದ ಶಾರ್ಟ್ ಸರ್ಕ್ಯೂಟ್ ಆಗಬಹುದು.

ಹವಾಮಾನ ಮತ್ತು ಸ್ಥಳದ ಪ್ರಭಾವ

ಒಂದೇ ಯಂತ್ರಕ್ಕೆ ಬೇರೆಬೇರೆ ಊರುಗಳಲ್ಲಿ ಬೇರೆಬೇರೆ ಬಗೆಯ ಆರೈಕೆ ಬೇಕಾಗುತ್ತದೆ. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು ಭಾಗಗಳ ಬೇಸಿಗೆಯಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿಯನ್ನು ದಾಟುತ್ತದೆ; ಅಲ್ಲಿ ಒಣಮಣ್ಣಿನ ಧೂಳೂ ಹೆಚ್ಚು. ಕೋಣೆಯ ಗಾಳಿಯೇ ಬಿಸಿಯಾಗಿರುವುದರಿಂದ, ಬೆಂಗಳೂರಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಅಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳಲಬಹುದು. ಮಂಗಳೂರು, ಉಡುಪಿ, ಕಾರವಾರಗಳಂತಹ ಕರಾವಳಿ ಪಟ್ಟಣಗಳಲ್ಲಿ ಉಷ್ಣಾಂಶ ಅಷ್ಟು ಏರದಿದ್ದರೂ ಗಾಳಿಯ ತೇವ ಮತ್ತು ಸಮುದ್ರದ ಉಪ್ಪಿನಂಶದಿಂದ ತುಕ್ಕಿನ ಭಯ ಹೆಚ್ಚು. ಮಳೆಗಾಲದಲ್ಲಿ ಬಹುದಿನ ಮುಚ್ಚಿಟ್ಟ ಯಂತ್ರಕ್ಕಿಂತ ಆಗಾಗ ಚಾಲೂ ಮಾಡಿದ ಯಂತ್ರವು ಒಣಗಿರುತ್ತದೆ.

ಶಾಲೆಗಳಲ್ಲಿ ಕಪ್ಪುಹಲಗೆಯ ಸಮೀಪದಲ್ಲಿಟ್ಟ ಗಣಕಯಂತ್ರಗಳಿಗೆ ಸೀಮೆಸುಣ್ಣದ ಪುಡಿಯ ಕಾಟವಿರುತ್ತದೆ. ಈ ಪುಡಿ ಬಹಳ ನುಣುಪಾಗಿರುವುದರಿಂದ ಸಾಮಾನ್ಯ ಜಾಲರಿಗಳನ್ನು ದಾಟಿ ಒಳಸೇರುತ್ತದೆ. ಒಂದೇ ಯಂತ್ರವನ್ನು ಹತ್ತಾರು ವಿದ್ಯಾರ್ಥಿಗಳು ಸರದಿಯಲ್ಲಿ ಬಳಸುವ ಕಡೆ ಒಂದು ಯಂತ್ರ ಕೆಟ್ಟರೂ ಅಷ್ಟೂ ಮಂದಿಯ ಕಲಿಕೆಗೆ ತೊಡಕಾಗುತ್ತದೆ. ಗಣಕ ಕೊಠಡಿಯಲ್ಲಿ ಮಾರ್ಕರ್ ಪೆನ್ನಿನ ಬಿಳಿಹಲಗೆಯನ್ನು ಬಳಸುವುದು, ನೆಲವನ್ನು ಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರೆಸುವುದು, ಪೆಟ್ಟಿಗೆಗಳನ್ನು ನೆಲದ ಬದಲು ಮೇಜಿನ ಮೇಲೆ ಇಡುವುದು ಖರ್ಚಿಲ್ಲದ ಪರಿಹಾರಗಳು. ನೆಲಮಟ್ಟದಲ್ಲಿ ನಡೆದಾಟ ಮತ್ತು ಕಸಗುಡಿಸುವಿಕೆಯಿಂದ ಎದ್ದ ಧೂಳು ಹೆಚ್ಚಿರುವುದರಿಂದ ಪೆಟ್ಟಿಗೆಯನ್ನು ಎತ್ತರದಲ್ಲಿಡುವುದು ಎಲ್ಲೆಡೆಯೂ ಪ್ರಯೋಜನಕಾರಿ.

ಊದುಬತ್ತಿ, ಧೂಪ, ಸಿಗರೇಟು ಮತ್ತು ಒಗ್ಗರಣೆಯ ಹೊಗೆಯಲ್ಲಿರುವ ಜಿಗುಟು ಅಂಶವು ಧೂಳನ್ನು ಅಂಟಿಸಿಬಿಡುತ್ತದೆ. ಇಂತಹ ಧೂಳು ಗಾಳಿ ಊದಿದರೆ ಹೋಗುವುದಿಲ್ಲ. ಆಯುಧಪೂಜೆಯಂದು ಮನೆ, ಅಂಗಡಿ, ಕಚೇರಿಗಳಲ್ಲಿ ಗಣಕಯಂತ್ರಗಳಿಗೂ ಅರಿಸಿನ, ಕುಂಕುಮ ಹಚ್ಚಿ ಹೂವೇರಿಸುವ ಪದ್ಧತಿಯಿದೆ. ಯಂತ್ರವನ್ನು ಆರಿಸಿ, ಗಾಳಿಕಿಂಡಿಗಳಿಲ್ಲದ ಬದಿಗೆ ಹಚ್ಚಿದರೆ ಪುಡಿ ಮತ್ತು ಹೂವಿನ ಎಸಳು ಒಳಸೇರುವುದು ತಪ್ಪುತ್ತದೆ.

ಯಂತ್ರಕ್ಕೆ ಹೊದಿಸುವ ಪ್ಲಾಸ್ಟಿಕ್ ಅಥವಾ ಬಟ್ಟೆಯ ಮುಸುಕು ಬಳಕೆಯಿಲ್ಲದ ಹೊತ್ತಿನಲ್ಲಿ ಉಪಯುಕ್ತ. ಚಾಲೂ ಮಾಡುವ ಮೊದಲು ಅದನ್ನು ಪೂರ್ತಿಯಾಗಿ ತೆಗೆಯಬೇಕು. ಆರಿಸಿದ ಕೂಡಲೇ ಹೊದಿಸುವುದೂ ಸರಿಯಲ್ಲ; ಯಂತ್ರ ತಣಿಯಲು ಸ್ವಲ್ಪ ಹೊತ್ತು ಬಿಡಬೇಕು.

ಶುಚಿಗೊಳಿಸುವ ಕ್ರಮ

ಶೋಧಕಗಳನ್ನು ತಿಂಗಳಿಗೊಮ್ಮೆ ನೋಡುವುದು, ಪೆಟ್ಟಿಗೆಯ ಒಳಭಾಗವನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಶುಚಿಗೊಳಿಸುವುದು ಸಾಮಾನ್ಯ ರೂಢಿ. ರಸ್ತೆಬದಿಯ ಕಟ್ಟಡ ಅಥವಾ ಸಾಕುಪ್ರಾಣಿಗಳಿರುವ ಮನೆಯಲ್ಲಿ ಈ ಅವಧಿ ಇನ್ನೂ ಕಡಿಮೆ.

1. ಯಂತ್ರವನ್ನು ಕ್ರಮವಾಗಿ ಮುಚ್ಚಿ, ಗೋಡೆಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಳಚಬೇಕು. ಅನಂತರ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ತಿನ ಬಹುಭಾಗ ಬರಿದಾಗುತ್ತದೆ.
2. ಪೆಟ್ಟಿಗೆಯನ್ನು ಜಗಲಿ ಅಥವಾ ಬಾಲ್ಕನಿಯಂತಹ ತೆರೆದ ಜಾಗಕ್ಕೆ ಒಯ್ಯಬೇಕು. ಮೂಗು, ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಧರಿಸುವುದು ಒಳ್ಳೆಯದು. ಆಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು.
3. ಒಳಗಿನ ಭಾಗಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು.
4. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದು ಬ್ಲೋವರ್ ಅಥವಾ ಒತ್ತಡದ ಗಾಳಿಯ ಡಬ್ಬಿಯಿಂದ ಊದಬೇಕು. ತಡೆಯದಿದ್ದರೆ ಫ್ಯಾನು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು.
5. ಗಾಳಿಯ ಡಬ್ಬಿಯನ್ನು ನೆಟ್ಟಗೆ ಹಿಡಿಯಬೇಕು. ಓರೆ ಮಾಡಿದರೆ ಅದರಲ್ಲಿನ ದ್ರವವು ಹೊರಚಿಮ್ಮಿ ಭಾಗಗಳನ್ನು ಹಠಾತ್ತನೆ ತಣಿಸುತ್ತದೆ.
6. ಅಂಟಿಕೊಂಡ ಧೂಳನ್ನು ಮೃದುವಾದ ಒಣ ಕುಂಚದಿಂದ ಬಿಡಿಸಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ತುದಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟಬಹುದಾದ್ದರಿಂದ ಅದನ್ನು ಸರ್ಕ್ಯೂಟುಗಳ ಹತ್ತಿರ ಬಳಸಬಾರದು.
7. ಜಾಲರಿ ಮತ್ತು ಫೋಮ್ ಶೋಧಕಗಳನ್ನು ನೀರಿನಲ್ಲಿ ತೊಳೆದು, ಪೂರ್ತಿಯಾಗಿ ಒಣಗಿದ ಮೇಲೆಯೇ ಮತ್ತೆ ಅಳವಡಿಸಬೇಕು.

ವಿದ್ಯುತ್ ಪೂರೈಕೆ ಘಟಕವನ್ನು ಬಳಕೆದಾರರು ಬಿಚ್ಚಬಾರದು. ತಂತಿ ಕಳಚಿದ ನಂತರವೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ಮಟ್ಟದ ವಿದ್ಯುತ್ ಉಳಿದಿರಬಹುದು. ಅದರ ಜಾಲರಿಯ ಮೂಲಕ ಹೊರಗಿನಿಂದ ಗಾಳಿ ಊದುವುದಷ್ಟೇ ಸುರಕ್ಷಿತ. ಹಾರ್ಡ್ ಡಿಸ್ಕಿನ ಮೇಲಿರುವ ಉಸಿರುಕಿಂಡಿಯನ್ನು ಮುಚ್ಚುವುದಾಗಲಿ ಅದರೊಳಕ್ಕೆ ಗಾಳಿ ಊದುವುದಾಗಲಿ ಕೂಡದು.

ಶುಚಿಗೊಳಿಸಿದ ನಂತರವೂ ಪ್ರೊಸೆಸರ್ ಹೆಚ್ಚು ಬಿಸಿಯಾಗುತ್ತಿದ್ದರೆ, ಪ್ರೊಸೆಸರ್ ಮತ್ತು ಹೀಟ್ ಸಿಂಕಿನ ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಲಾಗುತ್ತದೆ. ಒಂದೇ ಕೆಲಸವನ್ನು ಮಾಡಿಸಿ, ಶುಚಿಗೊಳಿಸುವ ಮೊದಲಿನ ಮತ್ತು ನಂತರದ ಉಷ್ಣಾಂಶಗಳನ್ನು ಬರೆದಿಟ್ಟುಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಹೋಲಿಸುವಾಗ ಕೋಣೆಯ ಉಷ್ಣಾಂಶವನ್ನೂ ಗಮನದಲ್ಲಿಡಬೇಕು.

ತಪ್ಪು ಕಲ್ಪನೆಗಳು

ಪಕ್ಕದ ಹಲಗೆಯನ್ನು ತೆಗೆದಿಟ್ಟರೆ ಯಂತ್ರ ತಂಪಾಗಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಗಾಳಿಯ ದಾರಿ ಕೆಟ್ಟಿರುವ ಪೆಟ್ಟಿಗೆಗಳಲ್ಲಿ ಇದರಿಂದ ಉಷ್ಣಾಂಶ ಇಳಿಯುವುದುಂಟು. ಆದರೆ ಆಗ ಶೋಧಕಗಳು ನಿರರ್ಥಕವಾಗಿ ಧೂಳು ನೇರವಾಗಿ ಬೀಳುತ್ತದೆ. ಹಲಗೆ ತೆಗೆದಾಗ ಉಷ್ಣಾಂಶ ಬಹಳಷ್ಟು ಇಳಿದರೆ ಅದು ಒಳಬರುವ ಗಾಳಿ ಸಾಲದು ಎಂಬುದರ ಸೂಚನೆ; ಸರಿಪಡಿಸಬೇಕಾದುದು ಆ ದಾರಿಯನ್ನು.

ಫ್ಯಾನು ಗಾಳಿಯನ್ನು ತಣ್ಣಗಾಗಿಸುತ್ತದೆ ಎಂಬುದೂ ಸರಿಯಲ್ಲ. ಅದು ಗಾಳಿಯನ್ನು ಚಲಿಸುವಂತೆ ಮಾಡುತ್ತದೆ, ಅಷ್ಟೆ. ದ್ರವ ತಂಪುಕಾರಕಗಳಿಗೂ ಇದೇ ಮಾತು ಅನ್ವಯಿಸುತ್ತದೆ: ದ್ರವವು ಶಾಖವನ್ನು ಪ್ರೊಸೆಸರಿನಿಂದ ರೇಡಿಯೇಟರಿಗೆ ಒಯ್ಯುತ್ತದೆ, ಅಲ್ಲಿಂದ ಹೊರಹಾಕಲು ಗಾಳಿಯೇ ಬೇಕು. ರೇಡಿಯೇಟರಿನ ಹಾಳೆಗಳಲ್ಲಿಯೂ ಧೂಳು ಕಟ್ಟುತ್ತದೆ.

ಉಷ್ಣಾಂಶ ಸ್ವಲ್ಪ ಏರಿದರೂ ಎಲ್ಲ ಭಾಗಗಳೂ ಬೇಗ ಕೆಡುತ್ತವೆ ಎಂದು ಹೇಳಲಾಗದು. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧಾರಣ ಮಟ್ಟದ ಉಷ್ಣಾಂಶಕ್ಕೂ ಡಿಸ್ಕುಗಳ ವೈಫಲ್ಯಕ್ಕೂ ನಿರೀಕ್ಷಿಸಿದಷ್ಟು ಬಲವಾದ ಸಂಬಂಧ ಕಂಡುಬರಲಿಲ್ಲ. ಪ್ರತಿ ಭಾಗಕ್ಕೂ ಅದರ ತಯಾರಕರು ನಿಗದಿಪಡಿಸಿದ ಮಿತಿಯೊಳಗೆ ಉಷ್ಣಾಂಶವಿದ್ದರೆ ಆತಂಕಪಡಬೇಕಾಗಿಲ್ಲ.

ಇತರ ವಿಧಾನಗಳು

ದತ್ತಾಂಶ ಕೇಂದ್ರಗಳಲ್ಲಿ ಸರ್ವರುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮುಂಭಾಗಗಳು ಎದುರುಬದುರಾಗಿರುವ ತಂಪು ಓಣಿ ಮತ್ತು ಹಿಂಭಾಗಗಳು ಎದುರುಬದುರಾಗಿರುವ ಬಿಸಿ ಓಣಿ ಎಂದು ವಿಂಗಡಿಸುತ್ತಾರೆ. ಅಮೆರಿಕದ ಆಶ್ರೇ ಸಂಸ್ಥೆಯು ಸರ್ವರುಗಳಿಗೆ ಒಳಹೋಗುವ ಗಾಳಿಯು 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಶಿಫಾರಸು ಮಾಡುತ್ತದೆ. ಇಲ್ಲಿ ಧೂಳನ್ನು ಪ್ರತಿ ಪೆಟ್ಟಿಗೆಯ ಬದಲು ಇಡೀ ಕೋಣೆಗೆ ಬರುವ ಗಾಳಿಯಲ್ಲಿಯೇ ಶೋಧಿಸಲಾಗುತ್ತದೆ.

ಹಿಟ್ಟಿನ ಗಿರಣಿ, ಸಿಮೆಂಟ್ ಕಾರ್ಖಾನೆ, ಮರದ ಕೆಲಸದ ಶೆಡ್ಡುಗಳಂತಹ ಕಡೆ ಶೋಧಕಗಳು ಸಾಲವು. ಅಲ್ಲಿ ಫ್ಯಾನಾಗಲಿ ಗಾಳಿಕಿಂಡಿಯಾಗಲಿ ಇಲ್ಲದ, ಹೊರಕವಚವೇ ಹೀಟ್ ಸಿಂಕಿನಂತೆ ಕೆಲಸ ಮಾಡುವ ಮುಚ್ಚಿದ ಗಣಕಯಂತ್ರಗಳನ್ನು ಬಳಸುತ್ತಾರೆ. ಕವಚವು ಧೂಳನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂಬುದನ್ನು ‘ಐಪಿ’ ಸಂಕೇತದ ಮೊದಲ ಅಂಕಿ ತಿಳಿಸುತ್ತದೆ: 5 ಇದ್ದರೆ ಹಾನಿಯಾಗದಷ್ಟು ಅಲ್ಪ ಧೂಳು ಮಾತ್ರ ಒಳಸೇರಬಹುದು, 6 ಇದ್ದರೆ ಧೂಳು ಸ್ವಲ್ಪವೂ ಒಳಸೇರದು. ಇಂತಹ ಯಂತ್ರಗಳು ಹೊರಹಾಕಬಲ್ಲ ಶಾಖ ಸೀಮಿತವಾದ್ದರಿಂದ ಅವುಗಳಲ್ಲಿ ಕಡಿಮೆ ವಿದ್ಯುತ್ ಬಳಸುವ ಪ್ರೊಸೆಸರುಗಳನ್ನೇ ಅಳವಡಿಸಲಾಗುತ್ತದೆ. ಬೆರಳಚ್ಚು, ಲೆಕ್ಕಪತ್ರ, ಅಂತರಜಾಲ ವೀಕ್ಷಣೆಯಂತಹ ಹಗುರ ಕೆಲಸಗಳಿಗೆ ಅವು ಸಾಕಾಗುತ್ತವೆ.